ಕೈಬಿಟ್ಟ ಕ್ರಿಯಾಪದ

“ಡ್ರಾಪ್ ಮಾಡಿದೆ ಅಂದೀನ್ರಿ ಅಕ್ಕಾರ. ಅಷ್ಟ ಅಂದೀನಿ. ಅದರಾಗ ಖೂನಿ ಎಲ್ಲಿಂದ ಬಂತರೀ?”

ಅಂಬಾದಾಸ ಕಂಬಿಗೆ ಹಣೆ ಹಚ್ಚಿ ನಿಂತಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಆಳಂದದ ಕಡೆಯಿಂದ ಪುಣೆಗೆ ಬಂದು ಮೊದಲು ಇಟ್ಟಿಗೆ ಹೊತ್ತವನು, ಆಮೇಲೆ ಸ್ಟೀರಿಂಗ್ ಹಿಡಿದವನು. ಖರಾಡಿಯಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡದ ಹಿಂದೆ ಮೇಲಿನಿಂದ ಬಿದ್ದು ಸತ್ತ ಸ್ಪೇನಿನ ಲಿಫ್ಟ್ ಎಂಜಿನಿಯರ್ ಗೊನ್ಸಾಲೊನ ಹೆಣ ಸಿಕ್ಕಾಗ, ಅವನನ್ನು ಕೊನೆಗೆ ಕಂಡವನು ಎಂಬ ಕಾರಣಕ್ಕೆ ಈ ಚಾಲಕ ಒಳಗೆ ಬಿದ್ದಿದ್ದ.

ಸುಮಂಗಲಾ ಕಂಬಿಯ ಈಚೆ ಸ್ಟೂಲಿನ ಮೇಲೆ ಕೂತಿದ್ದಳು. ಕೋಥರೂಡದ ತನ್ನ ಮನೆಯ ಪಡಸಾಲೆಯಲ್ಲಿ ವರ್ಷಾನುಗಟ್ಟಲೆ ಸ್ಪ್ಯಾನಿಷ್ ಕಲಿಸಿದ ಹೆಂಗಸು. ಕೋರ್ಟು ಕಚೇರಿಗಳಿಗೆ ದುಭಾಷಿಯಾಗಿ ಓಡಾಡಿದವಳು. ಪೊಲೀಸ್ ಠಾಣೆಗಳು ಅವಳಿಗೆ ಹೊಸವಲ್ಲ. ಆದರೆ ಕಂಬಿಯ ಹಿಂದಿನಿಂದ ತನ್ನ ಮನೆಯ ಭಾಷೆ ಕೇಳಿಬಂದದ್ದು ಇದೇ ಮೊದಲು.

“ಆ ದಿನಾ ಏನಾತು ಇನ್ನೊಮ್ಮೆ ಹೇಳಪಾ. ಅವಸರ ಮಾಡಬ್ಯಾಡ.”

“ಸಂಜಿಕ ಸಾಹೇಬ್ರು ಸೈಟಿಗಿ ನಡಿ ಅಂದ್ರರಿ. ಮುಂದಿನ ಗೇಟಿನಾಗ ಕಾಂಕ್ರೀಟ್ ಗಾಡಿ ಅಡ್ಡ ನಿಂತಿದ್ವು. ಹಿಂದ ಹೋಗು ಅಂತ ಕೈ ಮಾಡಿದ್ರು. ಬಿಲ್ಡಿಂಗಿನ ಹಿಂದ ಡ್ರಾಪ್ ಮಾಡಿದೆ. ನೀ ಹೋಗು ಅಂದ್ರು, ಬಂದೆ. ಮುಂಜಾನಿ ಪೊಲೀಸರು ಮನಿ ಬಾಗಲಾ ಬಡದ್ರು.”

“ನಿಮ್ಮಿಬ್ಬರ ನಡುವ ಜಗಳಾ ಇತ್ತಂತ?”

“ಯಾವ ಭಾಷಾದಾಗ ಜಗಳಾಡ್ಲಿರೀ?” ಅಂಬಾದಾಸ ತಲೆ ಎತ್ತಿದ. “ಅವ್ರ ಮಾತು ನನಗ ಬರಂಗಿಲ್ಲ, ನನ್ನ ಮಾತು ಅವ್ರಿಗಿ ಬರಂಗಿಲ್ಲ. ಚಾ ಕುಡಿಯಾಗ ಅವ್ರು ನಗತಿದ್ರು, ನಾನೂ ನಗತಿದ್ದೆ. ಭಾಳ ಸಾದಾ ಮನಶ್ಯಾರಿ.”

ಅವನು ದನಿ ತಗ್ಗಿಸಿದ. “ಸಾಹೇಬ್ರ ಹೆಣ್ತಿ, ಆ ಬಾಯಿ, ನನ್ನ ಮಾರಿ ನೋಡಿ ಹಂಗ್ಯಾಕ ಒದರಿದ್ರರೀ? ನಾ ಏನ ಅಂದೆ ಅಂತ ತಿಳಕೊಂಡ್ರು?”

ಅದೇ ಪ್ರಶ್ನೆಯ ಬೆನ್ನು ಹತ್ತಿ ಸುಮಂಗಲಾ ಇನ್ಸ್‌ಪೆಕ್ಟರ್ ರಂಜನಾಳ ಕೋಣೆಗೆ ಬಂದಳು.

“ಬಸಾ ತಾಯಿ,” ಕೂತುಕೊಳ್ಳಿ ಅಕ್ಕಾ ಎಂದು ಕುರ್ಚಿ ತೋರಿಸಿದ ರಂಜನಾ ಬಾಗಿಲು ಮುಂದೆ ಮಾಡಿದಳು. ಮಾತು ಮರಾಠಿಯಲ್ಲಿ ಮುಂದುವರಿಯಿತು. “ಇವತ್ತು ಮಧ್ಯಾಹ್ನ ಸತ್ತವನ ಹೆಂಡತಿ ಎಲ್ವಿರಾ, ಇಲ್ಲಿ ಗಂಡನ ಜೊತೆಗೇ ಇದ್ದವಳು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುತ್ತಾಳೆ. ನಾಳೆ ಶವದ ಜೊತೆ ವಿಮಾನ ಹತ್ತುತ್ತಾಳೆ. ಆ ಹೇಳಿಕೆ ಒಮ್ಮೆ ದಾಖಲಾಯಿತೆಂದರೆ ಈ ಡ್ರೈವರ್ ಹೊರಗೆ ಬರುವುದು ಕಷ್ಟ.”

“ಆಕೆ ಏನಂತಾಳೆ?”

“ನನ್ನ ಕಣ್ಣೆದುರಿಗೇ ತಪ್ಪೊಪ್ಪಿಕೊಂಡ ಅಂತಾಳೆ. ಇದೇ ಠಾಣೆಯಲ್ಲಿ, ಇದೇ ಮೇಜಿನ ಹತ್ತಿರ.” ರಂಜನಾ ಮೇಜಿನ ಮೇಲೆ ಕೈ ಊರಿದಳು. “ನಾನೂ ಇಲ್ಲೇ ಇದ್ದೆ ತಾಯಿ. ನನ್ನ ಕಿವಿಗೆ ಅಂಥದ್ದೇನೂ ಬೀಳಲಿಲ್ಲ. ಕೋಣೆ ತುಂಬ ಜನ ಇದ್ದೆವು. ತಪ್ಪೊಪ್ಪಿಗೆ ಕೇಳಿಸಿದ್ದು ಆಕೆಯೊಬ್ಬಳಿಗೇ.”

ಆ ದಿನ ಇಲ್ಲಿ ದುಭಾಷಿಯಾಗಿ ಕೂತವನು ಮಿಥುನ. ಸುಮಂಗಲಾಳದೇ ಶಿಷ್ಯ. ಚಿಕೂನ್‌ಗುನ್ಯಾ ಹಿಡಿದು ಗಂಟುಗಂಟೂ ಹಿಡಿದುಕೊಂಡಿದ್ದ ಅವಳು, ಠಾಣೆಯಿಂದ ಫೋನ್ ಬಂದಾಗ ಮಲಗಿದಲ್ಲಿಂದಲೇ ಅವನ ಹೆಸರು ಹೇಳಿದ್ದಳು. “ನನಗಿಂತ ಚೆನ್ನಾಗಿ ಮಾಡುತ್ತಾನೆ” ಎಂದೂ ಸೇರಿಸಿದ್ದಳು. ಇವತ್ತು ಕೋರ್ಟಿಗೆ ಬರಲು ಆಗುವುದಿಲ್ಲ, ಜ್ವರ ಎಂದು ಮಿಥುನ ಹೇಳಿಕಳಿಸಿದ್ದರಿಂದಲೇ ಈಗ ಅವಳು ಇಲ್ಲಿದ್ದಳು.

“ಆವತ್ತಿನ ವಿಡಿಯೊ ಇದೆಯೇ?”

ರಂಜನಾ ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದಳು.

ಮೇಜಿನ ಒಂದು ಬದಿಗೆ ಎಲ್ವಿರಾ, ತೆಳ್ಳನೆಯ ಹೆಂಗಸು, ಗಂಡನ ದೊಗಳೆ ಸ್ವೆಟರ್ ತೊಟ್ಟಿದ್ದಳು. ಇನ್ನೊಂದು ಬದಿಗೆ ಅಂಬಾದಾಸ. ನಡುವೆ ಮಿಥುನ, ಬೆನ್ನು ನೆಟ್ಟಗೆ ಮಾಡಿ. ಅಂಬಾದಾಸ ತನ್ನ ಮುರುಕು ಹಿಂದಿಯಲ್ಲಿ ಹೇಳಿದ್ದನ್ನು ರಂಜನಾ ಇಂಗ್ಲಿಷಿಗೆ ತಂದು ಮಿಥುನನಿಗೆ ಕೊಟ್ಟಳು. ಕಟ್ಟಡದ ಹಿಂದೆ ಅವರನ್ನು ಡ್ರಾಪ್ ಮಾಡಿ ಹೊರಟುಬಂದನಂತೆ. ನಮ್ಮ ಊರುಗಳಲ್ಲಿ ದಿನ ಬೆಳಗಾದರೆ ಎಲ್ಲರ ಬಾಯಲ್ಲಿರುವ ಮಾತು. ಶಾಲೆಗೆ ಮಗುವನ್ನು ಡ್ರಾಪ್ ಮಾಡುತ್ತೇವೆ, ಸ್ಟೇಷನ್ನಿಗೆ ಮಾವನನ್ನು ಡ್ರಾಪ್ ಮಾಡುತ್ತೇವೆ.

ಮಿಥುನ ಎಲ್ವಿರಾಳತ್ತ ತಿರುಗಿದ. “ಲೊ ದೆಹೇ...” ಎಂದ.

ಆಮೇಲೆ ನಿಂತ. ಒಂದು ಉಸಿರಿನಷ್ಟು ಹೊತ್ತು. “...ಕಾಯೆರ್” ಎಂದು ಸೇರಿಸಿ ವಾಕ್ಯ ಮುಗಿಸಿದ.

ಪರದೆಯ ಮೇಲಿನ ಎಲ್ವಿರಾ ಕುರ್ಚಿ ಹಿಂದೆ ತಳ್ಳಿ ಎದ್ದು ಚೀರಿದಳು. ಅಂಬಾದಾಸ ಗಾಬರಿಯಿಂದ ಎಲ್ಲರ ಮುಖ ನೋಡಿದ.

“ನಿಲ್ಲಿಸಿ,” ಸುಮಂಗಲಾ ಅಂದಳು. “ಆ ಜಾಗ ಮತ್ತೊಮ್ಮೆ ಹಾಕಿ.”

ಮತ್ತೊಮ್ಮೆ ಕೇಳಿದಳು. ಮಗದೊಮ್ಮೆ ಕಣ್ಣು ಮುಚ್ಚಿ ಕೇಳಿದಳು.

“ಏನಾಯಿತು ತಾಯಿ?”

“‘ಲೊ ದೆಹೇ’ ಅಂದರೆ ಬಿಟ್ಟೆ. ಕಾರಿನಲ್ಲಿ ಕರೆದೊಯ್ದು ಒಂದು ಕಡೆ ಬಿಟ್ಟು ಬಂದೆ. ಅದು ಸರಿಯಾದ ಮಾತು, ಅಷ್ಟಕ್ಕೇ ನಿಲ್ಲಿಸಬೇಕಿತ್ತು.” ಸುಮಂಗಲಾ ಪರದೆಯತ್ತ ಬೆರಳು ಮಾಡಿದಳು. “‘ಲೊ ದೆಹೇ ಕಾಯೆರ್’ ಅಂದರೆ ಬೀಳಲು ಬಿಟ್ಟೆ. ಮೇಲಿನಿಂದ ಕೆಳಗೆ. ಕಟ್ಟಡದ ಹಿಂದೆ ಅವನನ್ನು ಕೆಳಗೆ ಬೀಳಿಸಿ ಹೊರಟುಬಂದೆ ಅಂತ ಆ ಹೆಂಗಸಿಗೆ ಕೇಳಿಸಿದೆ.”

ರಂಜನಾ ಕುರ್ಚಿಗೆ ಒರಗಿದಳು. “ಇಂಗ್ಲಿಷಿನಲ್ಲಿ ಎರಡಕ್ಕೂ ಡ್ರಾಪ್. ಹುಡುಗ ಎಡವಿದ.”

“ಎಡವಿದವನು ಮೊದಲು ತಪ್ಪು ಹೇಳಿ ಆಮೇಲೆ ತಿದ್ದಿಕೊಳ್ಳುತ್ತಾನೆ. ಇವನು ಮೊದಲು ಸರಿ ಹೇಳಿದ್ದಾನೆ.”

ವಿಡಿಯೊ ಮುಂದೆ ಓಡಿತು. ಯಾರೋ ನೀರು ತಂದುಕೊಟ್ಟರು. ಎಲ್ವಿರಾ ಮತ್ತೆ ಕೂತಳು. ಗಂಡ ಸತ್ತ ವಿಷಯ ನಿಮಗೆ ಯಾವಾಗ ಗೊತ್ತಾಯಿತು ಎಂದು ರಂಜನಾ ಕೇಳಿದ್ದಳು. ಮಿಥುನ ಪ್ರಶ್ನೆಯನ್ನು ತಪ್ಪಿಲ್ಲದೆ ದಾಟಿಸಿದ. ಎಲ್ವಿರಾ ನೆಲ ನೋಡುತ್ತ ತೀರ ಮೆಲ್ಲಗೆ ಉತ್ತರಿಸಿದಳು. ಆ ಉತ್ತರ ಕೇಳುತ್ತಲೇ ಸುಮಂಗಲಾ ರಂಜನಾಳತ್ತ ತಿರುಗಿದಳು.

“ಇಲ್ಲಿ ಮಿಥುನ ನಿಮಗೆ ಏನಂತ ಹೇಳಿದ?”

“ನಾವು ಫೋನ್ ಮಾಡಿದಾಗ ಗೊತ್ತಾಯಿತಂತೆ. ಇಂಗ್ಲಿಷಿನಲ್ಲಿ ಹೇಳಿದ. ಯಾಕೆ?”

ಸುಮಂಗಲಾ ತನ್ನ ಕಿವಿಯ ಮೇಲೆ ತನಗೇ ನಂಬಿಕೆ ಸಾಲದೆ ಆ ಭಾಗ ಮತ್ತೆ ಹಾಕಿಸಿದಳು. ಆಮೇಲೆ ಕೈಚೀಲ ಹೆಗಲಿಗೇರಿಸಿ ಎದ್ದಳು.

“ಮಿಥುನನ ಮನೆ ಇಲ್ಲೇ ಖರಾಡಿಯಲ್ಲಿದೆ. ಕೋರ್ಟಿಗೆ ಹೋಗುವ ಮೊದಲು ಅವನನ್ನು ನೋಡಬೇಕು.”

“ನಾನೂ ಬರುತ್ತೇನೆ.”

“ಕೆಳಗೆ ಜೀಪಿನಲ್ಲಿರಿ. ನಿಮ್ಮನ್ನು ಕಂಡರೆ ಅವನು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ನನ್ನೆದುರು ಹಾಗಾಗುವುದಿಲ್ಲ.”

ಠಾಣೆಯ ಮೆಟ್ಟಿಲ ಮೇಲೆ ಅಂಬಾದಾಸನ ಹೆಂಡತಿ ಅವ್ವಮ್ಮ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸುಮಂಗಲಾಳನ್ನು ಕಂಡು ಎದ್ದು ನಿಂತಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸುಮಂಗಲಾಳಿಗೆ. ಕೇಳದ ಮುಖವನ್ನು ದಾಟಿ ಜೀಪು ಹತ್ತುವುದು ಭಾರವಾಯಿತು.

* * *

ಬಾಗಿಲು ತೆರೆದ ಮಿಥುನನಿಗೆ ಜ್ವರವಿರಲಿಲ್ಲ. ನಿದ್ದೆಯೂ ಇದ್ದಂತೆ ಕಾಣಲಿಲ್ಲ. ತುಮಕೂರಿನ ಹುಡುಗ, ಮೂವತ್ತರ ಆಸುಪಾಸು. ಸದಾ ಇಸ್ತ್ರಿಯ ಅಂಗಿಯಲ್ಲಿರುವವನು ಇವತ್ತು ಮುದುಡಿದ ಟೀ ಶರ್ಟಿನಲ್ಲಿದ್ದ.

“ಮೇಡಂ! ನೀವ್ಯಾಕೆ ಬರೋಕೆ ಹೋದ್ರಿ? ಫೋನ್ ಮಾಡಿದ್ರೆ ಸಾಕಿತ್ತು.”

“ಫೋನಿನಾಗ ಮಾರಿ ಕಾಣಂಗಿಲ್ಲಲ್ಲಪಾ.”

ಅವಳು ಒಳಗೆ ಬಂದು ಕೂತಳು. ಹಗಲಲ್ಲೂ ಕಿಟಕಿಯ ಪರದೆಗಳನ್ನು ಎಳೆಯಲಾಗಿತ್ತು, ಒಳಕೋಣೆಯ ಬಾಗಿಲು ಮುಚ್ಚಿತ್ತು. ಆ ಪರದೆಗಳ ಆಚೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಜೀಪಿನಿಂದ ಇಳಿಯುವಾಗಲೇ ನೋಡಿದ್ದಳು. ಅರ್ಧ ಗಾಜು ಹೊದ್ದ ಆ ಕಟ್ಟಡ ಎರಡು ರಸ್ತೆಯಾಚೆ ನಿಂತಿತ್ತು.

“ನೀರು ಕೊಡ್ಲಾ ಮೇಡಂ?”

“ಏನೂ ಬ್ಯಾಡ. ಕೂಡು. ಒಂದೆರಡು ವಾಕ್ಯ ಅದಾವ, ಸ್ಪ್ಯಾನಿಷಿಗೆ ತಾ.”

ಮಿಥುನ ನಗಲು ನೋಡಿದ. “ಈಗ ಕ್ಲಾಸಾ?”

“ಹೌದು ಅನ್ಕೋ. ನನ್ನನ್ನ ಗೇಟಿನ ಹತ್ತಿರ ಡ್ರಾಪ್ ಮಾಡು.”

“ದೆಹಮೆ ಎನ್ ಲಾ ಪುಯೆರ್ತಾ.” ಯೋಚಿಸದೆ ಬಂತು.

“ಫೋನ್ ಕಾಲ್ ಡ್ರಾಪ್ ಆತು.”

“ಸೆ ಕೊರ್ತೋ ಲಾ ಯಮಾದಾ.” ಕಾಲ್ ಬೀಳುವುದಿಲ್ಲ, ಕಡಿದುಹೋಗುತ್ತದೆ. ಅದನ್ನು ಅವಳೇ ಕಲಿಸಿದ್ದಳು.

“ಪೊಲೀಸ್ ಕಂಪ್ಲೇಂಟ್ ಡ್ರಾಪ್ ಮಾಡಿದ್ರು.”

“ರೆತಿರಾರೊನ್ ಲಾ ದೆನುನ್ಸಿಯಾ.” ದನಿ ಸಣ್ಣಗಾಯಿತು. ಪ್ರಶ್ನೆಗಳು ಎತ್ತ ಹೊರಟಿವೆ ಎಂದು ಅವನಿಗೆ ತಿಳಿದಿತ್ತು.

“ಡ್ರೈವರ್ ಸಾಹೇಬ್ರನ್ನ ಕಟ್ಟಡದ ಹಿಂದ ಡ್ರಾಪ್ ಮಾಡಿದ.”

ಮಿಥುನ ಪರದೆ ಎಳೆದ ಕಿಟಕಿಯತ್ತ ನೋಡಿದ.

“ಹೇಳು.”

“ಮೇಡಂ, ಆವತ್ತು ಪ್ರೆಶರ್ ಇತ್ತು. ಎದುರಿಗೆ ಆಕೆ ಅಳ್ತಾ ಇದ್ರು. ಸ್ಲಿಪ್ ಆಯ್ತು. ಹ್ಯೂಮನ್ ಎರರ್ ಅಲ್ವಾ?”

“ಸ್ಲಿಪ್ ಆಗಿದ್ರ ನಾ ಬರತಿದ್ದಿಲ್ಲ. ‘ದೆಹೇ’ ಅಂದಿ. ಸರಿ ಅಂದಿ. ಆಮ್ಯಾಲ ಉಸರ ತೊಗೊಂಡು ‘ಕಾಯೆರ್’ ಅಂದಿ. ಆ ಉಸರಿನಾಗ ಏನ ಯೋಚನಿ ಮಾಡಿದಿ, ಮಿಥುನ?”

ಅವನು ಎರಡೂ ಕೈ ಮೊಣಕಾಲ ನಡುವೆ ಸೇರಿಸಿಕೊಂಡ.

“ಆತು, ಇನ್ನೊಂದು ಕೇಳತೀನಿ. ಸುದ್ದಿ ಯಾವಾಗ ಗೊತ್ತಾತು ಅಂತ ಇನ್ಸ್‌ಪೆಕ್ಟರ್ ಕೇಳಿದ್ರು. ಆಕಿ ಏನಂದ್ಲು?”

“ಪೊಲೀಸ್ ಫೋನ್ ಮಾಡಿದಾಗ ಅಂತ.”

“ಸ್ಪ್ಯಾನಿಷಿನಾಗ ಏನಂದ್ಲು?”

ಅವನು ತಲೆ ತಗ್ಗಿಸಿದ.

“ನಾ ಹೇಳಲೇನು? ‘ಯಾ ಲೊ ಸಾಬಿಯಾ’ ಅಂದ್ಲು. ‘ಲೊ ಸೂಪೆ’ ಅಂದಿದ್ರ, ಆಗ ಗೊತ್ತಾತು ಅಂತ ಆಗತಿತ್ತು. ಆಕಿ ಅಂದಿದ್ದು ಸಾಬಿಯಾ. ನೀವು ಫೋನ್ ಮಾಡೂದ್ರಾಗ ನನಗ ಗೊತ್ತೇ ಇತ್ತು ಅಂತ.” ಸುಮಂಗಲಾ ಮುಂದಕ್ಕೆ ಬಾಗಿದಳು. “ಇಂಗ್ಲಿಷಿನಾಗ ಎರಡಕ್ಕೂ ಒಂದ ‘ಐ ನ್ಯೂ’. ಆ ಒಂದ ಶಬ್ದದ ಹಿಂದ ನೀ ಆಕಿನ್ನ ಬಚ್ಚಿಟ್ಟಿ. ಸುಳ್ಳೂ ಹೇಳಲಿಲ್ಲ, ಖರೇನೂ ಹೇಳಲಿಲ್ಲ. ಭಾಳ ಶಾಣ್ಯಾ ಕೆಲಸ ಅದು. ನಾ ಕಲಿಸಿದ್ದ ವಿದ್ಯಾನ ಅದು.”

ಕೊನೆಯ ಮಾತು ಆಡುವಾಗ ಅವಳ ದನಿ ಒಡೆಯಿತು. ಪಡಸಾಲೆಯ ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ ಹುಡುಗ ಅವನು. ಒಂದು ಕ್ರಿಯಾಪದ ಸಿಕ್ಕರೆ ಅದರ ಒಡಹುಟ್ಟಿದವರನ್ನೆಲ್ಲ ಹುಡುಕಿ ತರುತ್ತಿದ್ದ. ಅವನು ಬಂದ ದಿನ ಪಾಠ ಹೇಳುವುದು ಸುಲಭವಾಗುತ್ತಿತ್ತು.

“ಮಧ್ಯಾಹ್ನ ಆಕಿ ಹೇಳಿಕಿ ಕೊಡತಾಳ,” ಅವಳು ಮೆಲ್ಲಗೆ ಅಂದಳು. “ಅದನ್ನ ಭಾಷಾಂತರ ಮಾಡಬೇಕಾದಕಿ ನಾನು. ಅಲ್ಲಿ ಕಂಬಿ ಹಿಂದ ಒಬ್ಬಾಂವ, ನಾ ಏನ ತಪ್ಪ ಅಂದೆ ಅಂತ ಕೇಳಾಕತ್ಯಾನ. ಅವನಿಗೆ ನಾ ಏನ ಹೇಳಲಿ?”

ಮಿಥುನ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಮಾತಾಡಿದಾಗ ದನಿ ಬೆರಳುಗಳ ಸಂದಿಯಿಂದ ಬಂತು.

“ಆಕೆಗೆ ಮೊದಲೇ ಗೊತ್ತಿತ್ತು. ನಾನೇ ಹೇಳಿದ್ದು.”

“ನಿನಗ ಹೆಂಗ ಗೊತ್ತಾತು?”

“ನಾನು ಆ ಸೈಟಲ್ಲಿ ಇಂಟರ್‌ಪ್ರಿಟರ್ ಆಗಿದ್ದೆ ಮೇಡಂ. ಗೊನ್ಸಾಲೊಗೆ. ನಾಲ್ಕೈದು ತಿಂಗಳಿಂದ. ಅವರ ಮನೆಗೂ ಹೋಗಿ ಬರ್ತಿದ್ದೆ. ನಿಮಗೆ ಹೇಳಿರಲಿಲ್ಲ. ಪೊಲೀಸ್‌ಗೂ ಹೇಳ್ಲಿಲ್ಲ.”

ಸತ್ತವನ ಬಾಯಾಗಿದ್ದವನನ್ನೇ ಸತ್ತವನ ಕೇಸಿಗೆ ದುಭಾಷಿಯಾಗಿ ಕೂರಿಸಿದ್ದರು. ಕೂರಿಸಿದವಳು ಸುಮಂಗಲಾಳೇ.

“ಆ ಸಂಜಿಕ ನೀ ಮ್ಯಾಲ ಇದ್ದೇನು?”

ಅವನು ಹೌದೆಂದು ತಲೆಯಾಡಿಸಿದ.

“ಲಿಫ್ಟ್ ಸೇಫ್ ಇಲ್ಲ ಅಂತ ಅವರು ಹಟ ಹಿಡಿದಿದ್ರು. ಜನ ಹತ್ತಬಾರದು, ಹತ್ತಿದ್ರೆ ಸಾಯ್ತಾರೆ ಅಂತ. ಎಲ್ಲಿ ಪ್ರಾಬ್ಲಂ ಇದೆ ಅಂತ ತೋರಿಸ್ತೀನಿ ಬಾ ಅಂತ ಮೇಲಕ್ಕೆ ಕರ್ಕೊಂಡ್ ಹೋದ್ರು. ಹಿಂದುಗಡೆ ಗೋಡೆ ಇನ್ನೂ ಕಟ್ಟಿಲ್ಲ. ಬರೀ ಹಗ್ಗ ಕಟ್ಟಿದಾರೆ. ತೋರಿಸ್ತಾ ತೋರಿಸ್ತಾ ಹಿಂದಕ್ಕೆ ಹೆಜ್ಜೆ ಇಟ್ರು. ಹಗ್ಗ ಕಿತ್ಕೊಂಡ್ ಬಂತು.” ಅವನು ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ. “ಬೀಳ್ಲಿಲ್ಲ ಮೇಡಂ. ಆಗ ಬೀಳ್ಲಿಲ್ಲ. ಅಂಚಿಗೆ ನೇತಾಡ್ತಿದ್ರು. ನಾನು ಮಣಿಕಟ್ಟು ಹಿಡ್ಕೊಂಡಿದ್ದೆ.”

ಹೊರಗೆ ಯಾವುದೋ ಸ್ಕೂಲ್ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು.

“ಆಮ್ಯಾಲ?”

“ಆಮೇಲೆ ಬಿಟ್ಟೆ.”

ಬಿಟ್ಟೆ. ಕನ್ನಡದ ಆ ಎರಡಕ್ಷರದಲ್ಲಿ ಎಲ್ಲವೂ ಹಿಡಿಸುತ್ತಿತ್ತು. ಕೈ ಸೋತು ಬಿಟ್ಟದ್ದೂ ಬಿಟ್ಟದ್ದೇ, ಬೇಕೆಂದೇ ಬಿಟ್ಟದ್ದೂ ಬಿಟ್ಟದ್ದೇ. ಅಷ್ಟರಲ್ಲೇ ಅವನನ್ನು ಇರಗೊಡಲು ಸುಮಂಗಲಾಳಿಗೆ ಮನಸ್ಸಾಯಿತು. ಮೆಟ್ಟಿಲ ಮೇಲಿನ ಅವ್ವಮ್ಮನ ಮುಖ ಕಣ್ಣ ಮುಂದೆ ಬಂತು.

“ಕನ್ನಡದಾಗ ಬ್ಯಾಡ,” ಅವಳು ಅಂದಳು. “ಇಂಗ್ಲಿಷಿನಾಗೂ ಬ್ಯಾಡ. ಸ್ಪ್ಯಾನಿಷಿನಾಗ ಹೇಳು. ಅಲ್ಲಿ ಎರಡು ದಾರಿ ಅದಾವ, ನಿನಗ ಗೊತ್ತದ. ‘ಸೆ ಮೆ ಸೊಲ್ತೋ.’ ಅವರು ನನ್ನ ಕೈಯಿಂದ ಜಾರಿಹೋದ್ರು, ನಾ ಬೇಕಂತ ಬಿಡಲಿಲ್ಲ. ಇಲ್ಲಾ ‘ಲೊ ಸೊಲ್ತೇ.’ ನಾನ ಕೈ ಬಿಚ್ಚಿದೆ. ಯಾವುದು?”

ತರಗತಿಯಲ್ಲಿ ಎಷ್ಟೋ ಸಲ ಹೀಗೆ ಎರಡು ವಾಕ್ಯ ಮುಂದಿಟ್ಟು ಒಂದನ್ನು ಆರಿಸು ಅಂದಿದ್ದಳು. ತಪ್ಪಿದರೆ ನಕ್ಕು ಮುಂದೆ ಹೋಗುತ್ತಿದ್ದರು. ಇವತ್ತು ಒಂದು ವಾಕ್ಯದ ಆಚೆ ಪಾಪದ ಹುಡುಗನೊಬ್ಬ, ಇನ್ನೊಂದರ ಆಚೆ ಕೊಲೆಗಾರ. ಮೊದಲನೆಯದನ್ನೇ ಹೇಳು ಎಂದು ಅವಳ ಒಳಮನಸ್ಸು ಬೇಡಿಕೊಂಡಿತು. ಸುಳ್ಳಾದರೂ ಸರಿ, ಅದನ್ನೇ ಹೇಳು.

ಮಿಥುನ ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು, ಆದರೆ ಉಚ್ಚಾರ ಸ್ಪಷ್ಟವಾಗಿತ್ತು.

“ಎರಡೂ ಅಲ್ಲ ಮೇಡಂ. ‘ಲೊ ಸೊಲ್ತಾಮೊಸ್.’”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ಬಿಟ್ಟೆವು. ನಾನು ಅಲ್ಲ, ನಾವು.

“ನೀ ಒಂದು ಕೈ ಹಿಡದಿದ್ದಿ,” ಅವಳು ನಿಧಾನವಾಗಿ ಅಂದಳು. “ಇನ್ನೊಂದು ಕೈ ಯಾರು ಹಿಡದಿದ್ರು?” ಎಂದವಳು ಅದನ್ನೇ ಸ್ಪ್ಯಾನಿಷಿನಲ್ಲೂ ಕೇಳಿದಳು.

ಮಿಥುನ ತಿರುಗಿ ಒಳಗಡೆ ನೋಡಿದ.

ಒಳಕೋಣೆಯ ಬಾಗಿಲು ಅರ್ಧ ತೆರೆದುಕೊಂಡಿತು. ದೊಗಳೆ ಸ್ವೆಟರಿನ ತೋಳನ್ನು ಮುಷ್ಟಿಯೊಳಗೆ ಹಿಡಿದುಕೊಂಡ ತೆಳ್ಳನೆಯ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಸುಮಂಗಲಾಳನ್ನೇ ನೋಡಿ, ದುಭಾಷಿಯ ಹಂಗಿಲ್ಲದ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು.

“ಯೊ.”

ನಾನು.